ಒಂದೇ ಮನೆ, ಒಂದೇ ಸೆಕೆ, ನಾಲ್ಕು ತರ ಒಗ್ಗಿದ್ದು: ಒಂದು ಪ್ರಕರಣ ಅಧ್ಯಯನ

ತಂಪು ಊರಿನಿಂದ ಸೆಕೆ ಊರಿಗೆ ಹೋದವರಿಗೆ ಎಲ್ಲರೂ ಹೇಳುವ ಮಾತು ಒಂದೇ: "ಸ್ವಲ್ಪ ದಿನ ಅಷ್ಟೇ, ಆಮೇಲೆ ಒಗ್ಗಿಹೋಗುತ್ತೆ." ಮಾತು ಸುಳ್ಳಲ್ಲ. ಆದರೆ ಎಷ್ಟು ದಿನ, ಏನು ಮಾಡಿದರೆ ಒಗ್ಗುತ್ತದೆ, ಏನು ಮಾಡಿದರೆ ಒಗ್ಗುವುದೇ ಇಲ್ಲ ಅನ್ನುವುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಇಲ್ಲಿ ಬರೆದಿರುವುದು ಒಂದು ಮನೆಯ ಕಥೆ. ಒಂದೇ ದಿನ ಬಂದ ನಾಲ್ಕು ಜನರಲ್ಲಿ ಬಿಸಿಲಲ್ಲಿ ನಿಂತು ಕೆಲಸ ಮಾಡುವವರು ಮೂರನೇ ವಾರಕ್ಕೆಲ್ಲ ಸರಿಹೋದರು, ದಿನವಿಡೀ ಎಸಿಯಲ್ಲಿ ಕೂತವರು ಮೂರು ತಿಂಗಳಾದರೂ ಒಗ್ಗಲಿಲ್ಲ. ನನಗೆ ಇದನ್ನು ಬರೆಯಬೇಕು ಅನ್ನಿಸಿದ್ದೇ ಅದಕ್ಕೆ.

ಮನೆಯವರು ಹೆಸರು, ಊರು ಬೇಡ ಅಂದರು. ಹಾಗಾಗಿ ಗಂಡ, ಹೆಂಡತಿ, ಅಜ್ಜಿ, ಹುಡುಗ ಅಂತಲೇ ಕರೆಯುತ್ತೇನೆ. ನಾನು ಕೆಲಸದ ಜಾಗಗಳ ಸುರಕ್ಷತೆ ನೋಡಿಕೊಳ್ಳುವವನು, ಹೆಂಡತಿಯ ಕಡೆಯಿಂದ ಹಳೆಯ ಪರಿಚಯ. ತೊಂದರೆ ಶುರುವಾದಾಗ ಮೊದಲ ಫೋನ್ ನನಗೆ ಬಂತು.

ಹಿನ್ನೆಲೆ

ಗಂಡನಿಗೆ ನಲವತ್ತು ದಾಟಿದೆ, ಕಟ್ಟಡ ಕೆಲಸದ ಮೇಲ್ವಿಚಾರಕ. ಹೆಂಡತಿ ಮನೆಯಿಂದಲೇ ಕಂಪ್ಯೂಟರ್ ಕೆಲಸ ಮಾಡುತ್ತಾರೆ. ಗಂಡನ ತಾಯಿಗೆ ಎಪ್ಪತ್ತರ ಮೇಲೆ, ಬಹಳ ವರ್ಷದಿಂದ ಬಿಪಿ ಮಾತ್ರೆ. ಹುಡುಗನಿಗೆ ಒಂಬತ್ತು. ಮೊದಲು ಇದ್ದದ್ದು ಎತ್ತರದ ತಂಪು ಜಾಗ. ಅಲ್ಲಿ 26 ಡಿಗ್ರಿ ಆದರೆ ಜನ "ಅಬ್ಬಾ ಬಿಸಿಲು" ಅನ್ನುತ್ತಾರೆ. ಬಂದದ್ದು ಸಮುದ್ರ ಮಟ್ಟದ ಊರಿಗೆ. ಹಗಲು 34, ರಾತ್ರಿ 28ರ ಕೆಳಗೆ ಇಳಿಯದ ಜಾಗ, ಗಾಳಿಯಲ್ಲಿ ತೇವ ಯಾವಾಗಲೂ 70 ಶೇಕಡದ ಆಸುಪಾಸು.

ಬಂದ ಸಮಯವೂ ಸರಿಯಿರಲಿಲ್ಲ, ಬೇಸಿಗೆ ಏರುವ ಹೊತ್ತು. ಆಯ್ಕೆ ಇದ್ದರೆ ಸೆಕೆ ಊರಿಗೆ ಅಲ್ಲಿನ ತಂಪುಗಾಲದಲ್ಲೇ ಹೋಗಬೇಕು, ಆಗ ಹವೆ ದಿನಕ್ಕಿಷ್ಟು ಅಂತ ಏರುತ್ತಾ ಮೈಯನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಇವರಿಗೆ ಆಯ್ಕೆ ಇರಲಿಲ್ಲ. ವರ್ಗ ಬಂತು, ಶಾಲೆ ಮುಗಿಯಿತು, ಲಾರಿ ತುಂಬಿತು, ಅಷ್ಟೇ.

ಇನ್ನೊಂದು ವಿಷಯ. ಬರುವ ಮೊದಲು ಇವರು ನೋಡಿದ್ದು ಉಷ್ಣಾಂಶ ಒಂದನ್ನೇ. "34 ಅಲ್ವಾ, ಒಳನಾಡಿನ ಕಡೆ 42 ಇರುತ್ತೆ, ಅವರೆಲ್ಲ ಬದುಕಿಲ್ವಾ" ಅಂತ ಗಂಡ ಹೇಳಿದ್ದು ನನಗೆ ನೆನಪಿದೆ. ಲೆಕ್ಕ ಹಾಗೆ ನಡೆಯುವುದಿಲ್ಲ. ನಮ್ಮ ಮೈ ತಣ್ಣಗಾಗುವುದು ಬೆವರು ಸುರಿದಾಗಲ್ಲ, ಆರಿದಾಗ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 2,400 ಕಿಲೋಜೂಲ್ ಶಾಖ ಹೊತ್ತೊಯ್ಯುತ್ತದೆ. ಅದೇ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕಿ ನೆಲಕ್ಕೆ ಬಿದ್ದರೆ ಹೆಚ್ಚುಕಡಿಮೆ ಏನೂ ಪ್ರಯೋಜನವಿಲ್ಲ, ನೀರು ಉಪ್ಪು ಎರಡೂ ದಂಡ. ಥರ್ಮಾಮೀಟರ್ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಯಿಸಿದರೆ ಅದು ಎಲ್ಲಿಯವರೆಗೆ ಇಳಿಯುತ್ತದೋ ಅದಕ್ಕೆ ವೆಟ್ ಬಲ್ಬ್ ಉಷ್ಣಾಂಶ ಅನ್ನುತ್ತಾರೆ, ಅದು ಕೆಳಗಿಳಿದಷ್ಟೂ ಬೆವರು ಚೆನ್ನಾಗಿ ಆರುತ್ತದೆ ಅಂತ ಅರ್ಥ. 42 ಡಿಗ್ರಿ ಇದ್ದು ತೇವ 15 ಶೇಕಡ ಇದ್ದರೆ ಅದು ಸುಮಾರು 22ಕ್ಕೆ ಇಳಿಯುತ್ತದೆ. 34 ಡಿಗ್ರಿ ಇದ್ದು ತೇವ 70 ಇದ್ದರೆ 29ರ ಹತ್ತಿರವೇ ನಿಲ್ಲುತ್ತದೆ. ಒಣ ಊರಿನ ಬಿಸಿಲು ಸುಡುತ್ತದೆ ನಿಜ, ಆದರೆ ನೆರಳು ನೀರು ಸಿಕ್ಕರೆ ಮೈ ಬೇಗ ಸುಧಾರಿಸಿಕೊಳ್ಳುತ್ತದೆ. ಸೆಕೆ ಊರಲ್ಲಿ ನೆರಳಿಗೆ ಹೋದರೂ ಬೆವರು ಆರುವುದಿಲ್ಲ.

ಇದೇ ಕಾರಣಕ್ಕೆ ಇವರ ಮೊದಲ ಖರೀದಿಯೂ ದಂಡವಾಯಿತು. ಒಣ ಊರಲ್ಲಿರುವ ನೆಂಟರೊಬ್ಬರ ಮಾತು ಕೇಳಿ ನೀರು ಹಾಕುವ ಏರ್ ಕೂಲರ್ ತಂದರು. ಅದು ಕೆಲಸ ಮಾಡುವುದೇ ನೀರು ಆರಿಸಿ. ಇಲ್ಲಿ ಆರುವುದೇ ಇಲ್ಲವಲ್ಲ, ಹಾಗಾಗಿ ಅದು ಕೋಣೆಗೆ ಇನ್ನಷ್ಟು ತೇವ ತುಂಬಿತು. ಎರಡು ರಾತ್ರಿಯಲ್ಲಿ ಹಾಸಿಗೆ ಹಸಿಹಸಿ. ಈಗ ಅದು ಬಾಲ್ಕನಿಯಲ್ಲಿ ಪೊರಕೆಗೆ ಆಸರೆಯಾಗಿ ನಿಂತಿದೆ.

ಗಂಡ: ಮೂರನೇ ದಿನದ ತಲೆಸುತ್ತು

ಗಂಡ ಬಂದ ಮರುದಿನವೇ ಕೆಲಸಕ್ಕೆ ಹಾಜರು. ಪೂರ್ತಿ ದಿನ, ಪೂರ್ತಿ ಹೊರಗೆ. ಮೂರನೇ ದಿನ ಮಧ್ಯಾಹ್ನ ನಕ್ಷೆ ಹಿಡಿದು ನಿಂತಲ್ಲೇ ನಿಂತು ಮಾತಾಡುತ್ತಿದ್ದವರಿಗೆ ಕಣ್ಣು ಕತ್ತಲೆ ಬಂತು. ಹೆಲ್ಮೆಟ್ ಕೈಜಾರಿ ಬಿತ್ತು, ಪಕ್ಕದಲ್ಲಿದ್ದ ಕೆಲಸಗಾರ ಹಿಡಿದುಕೊಂಡು ನೆರಳಲ್ಲಿ ಮಲಗಿಸಿದ. ಕಾಲು ಎತ್ತರಕ್ಕಿಟ್ಟು, ನೀರು ಕುಡಿಸಿ, ಅಂಗಿ ಬಿಚ್ಚಿ ಒದ್ದೆ ಬಟ್ಟೆ ಹಾಕಿದ ಹತ್ತು ನಿಮಿಷದಲ್ಲಿ ಎದ್ದು ಕೂತರು. ಮಾತು ಸ್ಪಷ್ಟ ಇತ್ತು, ಗೊಂದಲ ಇರಲಿಲ್ಲ.

ಈ ಕೊನೆಯ ಸಾಲು ಮುಖ್ಯ. ಮೈ ತಣ್ಣಗಾಗಲು ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಅಲುಗಾಡದೆ ನಿಂತರೆ ರಕ್ತ ಕಾಲಿಗೆ ಇಳಿಯುತ್ತದೆ, ತಲೆಗೆ ಕಡಿಮೆಯಾಗಿ ಬವಳಿ ಬರುತ್ತದೆ. ಹೊಸಬರಿಗೆ ಮೊದಲ ದಿನಗಳಲ್ಲಿ ಇದು ಆಗುವುದುಂಟು, ಮಲಗಿಸಿದರೆ ಸುಧಾರಿಸುತ್ತದೆ. ಆದರೆ ಮನುಷ್ಯ ತೊದಲಲು ಶುರುಮಾಡಿದರೆ, ಅಸಂಬದ್ಧ ಮಾತಾಡಿದರೆ, ಕರೆದರೆ ಓಗೊಡದಿದ್ದರೆ ಅದನ್ನು ಹೀಟ್ ಸ್ಟ್ರೋಕ್ ಅಂತಲೇ ತಿಳಿಯಬೇಕು. ಒಳಗಿನ ಉಷ್ಣಾಂಶ 40 ದಾಟಿರುತ್ತದೆ. ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೂ ಮೈಮೇಲೆ ನೀರು ಸುರಿಯುತ್ತಲೇ ಇರಬೇಕು, ಐಸ್ ಇದ್ದರೆ ಐಸ್. "ಬೆವರು ಬರ್ತಾ ಇದೆ, ಹಾಗಾದ್ರೆ ಹೀಟ್ ಸ್ಟ್ರೋಕ್ ಅಲ್ಲ" ಅಂತ ಹೇಳುವವರನ್ನು ಬಹಳ ಸಲ ಕೇಳಿದ್ದೇನೆ. ದುಡಿಯುತ್ತಾ ಬಿದ್ದವರಲ್ಲಿ ಬೆವರು ಸುರಿಯುತ್ತಿರುವಾಗಲೇ ಹೀಟ್ ಸ್ಟ್ರೋಕ್ ಆಗಿರುತ್ತದೆ. ಆ ಮಾತನ್ನು ನಂಬಬೇಡಿ.

ಅವತ್ತು ರಾತ್ರಿ ಹೆಂಡತಿ ಫೋನ್ ಮಾಡಿದರು. "ಇವರಿಗೆ ಈ ಕೆಲಸ ಆಗಲ್ಲ ಅನ್ಸುತ್ತೆ, ವಾಪಸ್ ಬಂದುಬಿಡೋಣ ಅಂತಿದ್ದಾರೆ." ಎಷ್ಟು ದಿನದಿಂದ ಹೊರಗೆ ಕೆಲಸ ಅಂತ ಕೇಳಿದೆ. ಮೂರು ದಿನ. ಮೊದಲ ದಿನದಿಂದಲೇ ಪೂರ್ತಿಯಾ? ಹೌದು.

ಉತ್ತರ ಅಲ್ಲೇ ಇತ್ತು. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾ ಹೇಳುವ ಪ್ರಕಾರ ಕೆಲಸದ ಜಾಗದ ಸೆಕೆಸಾವುಗಳಲ್ಲಿ ನಾಲ್ಕರಲ್ಲಿ ಮೂರರಷ್ಟು ಕೆಲಸದ ಮೊದಲ ವಾರದಲ್ಲೇ ಆಗುತ್ತವೆ. ಅಲ್ಲಿಯದೇ ಇನ್ನೊಂದು ಸಂಸ್ಥೆ ನಿಯಾಶ್ ಹೊಸಬರಿಗೆ ಒಂದು ಸರಳ ಲೆಕ್ಕ ಕೊಟ್ಟಿದೆ: ಮೊದಲ ದಿನ ಸೆಕೆಯಲ್ಲಿ ಕೆಲಸದ ಹೊತ್ತು 20 ಶೇಕಡ ಮೀರಬಾರದು, ಆಮೇಲೆ ದಿನಕ್ಕೆ 20ರಂತೆ ಏರಿಸಬೇಕು. ಇದು ಹೊಸ ತಿಳಿವಳಿಕೆಯೂ ಅಲ್ಲ. ದಕ್ಷಿಣ ಆಫ್ರಿಕಾದ ಆಳದ ಚಿನ್ನದ ಗಣಿಗಳಲ್ಲಿ ಹೊಸ ಕಾರ್ಮಿಕರು ಸೆಕೆಗೆ ಸಾಯುತ್ತಿದ್ದಾಗ ಡ್ರಿಯೋಸ್ಟಿ ಅನ್ನುವ ವೈದ್ಯರು ಹೊಸಬರನ್ನು ಮೊದಲು ಪರೀಕ್ಷಿಸಿ, ಮೆಲ್ಲಮೆಲ್ಲಗೆ ಸೆಕೆಗೆ ಒಗ್ಗಿಸಿ ಆಮೇಲೆ ಪೂರ್ತಿ ಕೆಲಸಕ್ಕೆ ಇಳಿಸುವ ಪದ್ಧತಿಯ ಬಗ್ಗೆ 1935ರಲ್ಲೇ ಬರೆದಿದ್ದರು.

ಗಂಡ ಮೇಲಿನವರ ಹತ್ತಿರ ಮಾತಾಡಿ ಒಂದು ವಾರಕ್ಕೆ ವೇಳಾಪಟ್ಟಿ ಬದಲಿಸಿಕೊಂಡರು. ಬೆಳಿಗ್ಗೆ ಎರಡು ಗಂಟೆ ಹೊರಗೆ, ಉಳಿದದ್ದು ಶೆಡ್ಡಿನಲ್ಲಿ ಕಾಗದದ ಕೆಲಸ. ಮರುದಿನ ಮೂರು ಗಂಟೆಗಿಂತ ಜಾಸ್ತಿ. ಹಾಗೇ ಏರಿಸುತ್ತಾ ಹೋದರು. ಒಳಗೆ ಏನಾಗುತ್ತದೆ ಅಂದರೆ, ಮೊದಲ ಕೆಲವು ದಿನದಲ್ಲೇ ರಕ್ತದ ನೀರಿನಂಶ ಹೆಚ್ಚುತ್ತದೆ, ಅದೇ ಕೆಲಸಕ್ಕೆ ಎದೆಬಡಿತ ಕಡಿಮೆ ಸಾಕಾಗುತ್ತದೆ. ಆಮೇಲೆ ಬೆವರು ಬೇಗ ಶುರುವಾಗುತ್ತದೆ, ಜಾಸ್ತಿ ಬರುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಒಟ್ಟು 7ರಿಂದ 14 ದಿನದ ಕೆಲಸ. ಗಂಡನ ಕಪ್ಪು ಟೋಪಿಯ ಮೇಲೆ ಮೊದಲ ವಾರ ಬಿಳಿ ಉಪ್ಪಿನ ಗೆರೆ ದಪ್ಪಗೆ ಕೂರುತ್ತಿತ್ತು, ಮೂರನೇ ವಾರಕ್ಕೆ ಅದು ತೆಳುವಾಯಿತು. "ಬೆವರೋದು ಜಾಸ್ತಿ ಆಗಿದೆ, ಆದ್ರೆ ಟೋಪಿ ಮೊದಲಿನಷ್ಟು ಬೆಳ್ಳಗಾಗಲ್ಲ, ಏನಿದು?" ಅಂತ ಅವರೇ ಕೇಳಿದರು. ಒಗ್ಗುವುದು ಅಂದರೆ ಇದೇ.

ನೀರಿನ ವಿಷಯದಲ್ಲಿ ಒಂದು ತಿದ್ದುಪಡಿ ಬೇಕಾಯಿತು. ತಲೆಸುತ್ತು ಬಂದ ಮೇಲೆ ಹೆದರಿ ಅವರು ಬಾಟಲಿ ಮೇಲೆ ಬಾಟಲಿ ಬರೀ ನೀರು ಕುಡಿಯತೊಡಗಿದರು. ಊಟ ಸೇರುತ್ತಿರಲಿಲ್ಲ. ಸಂಜೆ ತಲೆನೋವು, ಮೀನಖಂಡ ಹಿಡಿದುಕೊಳ್ಳುವುದು. ಬೆವರಲ್ಲಿ ಉಪ್ಪು ಹೋಗುತ್ತಿದೆ, ಒಳಗೆ ಬರೀ ನೀರು ಹೋಗುತ್ತಿದೆ, ಅಂದರೆ ರಕ್ತದ ಉಪ್ಪು ತೆಳುವಾಗುತ್ತದೆ. ಇದು ವಿಪರೀತಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಬಿಸಿಲಲ್ಲಿ ದುಡಿಯುವವರು 15-20 ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ಕುಡಿದರೆ ಸಾಕು, ಗಂಟೆಗೆ ಒಂದೂವರೆ ಲೀಟರ್ ಮುಟ್ಟಬಾರದು, ಹೊತ್ತುಹೊತ್ತಿಗೆ ಊಟ ಬಿಡಬಾರದು. ಊಟ ಮಾಡಿದರೆ ಬಹುಪಾಲು ಜನಕ್ಕೆ ಉಪ್ಪು ಅದರಲ್ಲೇ ಸಿಗುತ್ತದೆ. ತುಂಬಾ ಬೆವರಿದ ದಿನ ಅವರು ಒಂದು ಪೊಟ್ಟಣ ಓಆರ್‌ಎಸ್ ಬೆರೆಸಿಕೊಳ್ಳುತ್ತಿದ್ದರು, ಅಷ್ಟೇ.

ಅಜ್ಜಿಯ ಕಾಲು

ಗಂಡನ ಗಲಾಟೆಯಲ್ಲಿ ಅಜ್ಜಿಯ ಕಡೆ ಯಾರೂ ನೋಡಿರಲಿಲ್ಲ. ಅಜ್ಜಿಯೂ ಏನೂ ಹೇಳಲಿಲ್ಲ. ಎರಡನೇ ವಾರ ಚಪ್ಪಲಿ ಪಟ್ಟಿ ಕಾಲಿಗೆ ಹಿಡಿಯುತ್ತಿದೆ ಅಂದಾಗ ಸೊಸೆ ಬಗ್ಗಿ ನೋಡಿದರು. ಪಾದದ ಗಂಟು ಕಾಣದ ಹಾಗೆ ಊದಿತ್ತು, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತಿತ್ತು.

"ಅತ್ತೆ, ಎಷ್ಟು ದಿನದಿಂದ ಹೀಗಿದೆ?"

"ಬಂದಾಗಿಂದ ಇದೆಯಮ್ಮ. ಪ್ರಯಾಣದ್ದು ಅಂದ್ಕೊಂಡೆ."

ಮನೆಯಲ್ಲಿ ಮೂತ್ರಪಿಂಡ, ಹೃದಯ ಅಂತ ಎಲ್ಲ ಹೆದರಿಕೆಗಳೂ ಒಂದು ಸುತ್ತು ಬಂದವು. ಹೆದರುವುದು ತಪ್ಪಲ್ಲ, ಆ ವಯಸ್ಸಿನಲ್ಲಿ ಕಾಲು ಊದಿದರೆ ವೈದ್ಯರಿಗೆ ತೋರಿಸಲೇಬೇಕು. ತೋರಿಸಿದರು. ರಕ್ತ, ಮೂತ್ರ, ಇಸಿಜಿ ಎಲ್ಲ ಸರಿ ಇತ್ತು. ವೈದ್ಯರು ಹೇಳಿದ್ದು ಇಷ್ಟು: ಸೆಕೆಗೆ ರಕ್ತನಾಳ ಹಿಗ್ಗಿ ನೀರು ಕಾಲಿಗೆ ಇಳಿದಿದೆ, ಹೊಸದಾಗಿ ಸೆಕೆ ಊರಿಗೆ ಬಂದ ವಯಸ್ಸಾದವರಲ್ಲಿ ಇದು ಕಾಣುತ್ತದೆ, ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ. ಕಾಲು ಮೇಲಿಟ್ಟು ಕೂರಿ, ಮನೆಯೊಳಗೆ ಓಡಾಡಿ, ಇದಕ್ಕೆ ಅಂತ ನೀರಿಳಿಸುವ ಮಾತ್ರೆ ಬೇಡ.

ಆದರೆ ಅಸಲು ವಿಷಯ ಬಿಪಿ ನೋಡಿದಾಗ ಬಂತು. 104/60. ತಂಪು ಊರಲ್ಲಿ 134ರ ಹತ್ತಿರ ನಿಲ್ಲುತ್ತಿದ್ದದ್ದು ಅದೇ ಮಾತ್ರೆಗೆ ಇಲ್ಲಿ ಇಷ್ಟು ಇಳಿದಿತ್ತು. ನಾಳ ಹಿಗ್ಗಿಸುವ ಕೆಲಸವನ್ನು ಸೆಕೆ ಅರ್ಧ ಮಾಡುತ್ತಿದೆ, ಮೇಲಿಂದ ಮಾತ್ರೆ. ಅದರಲ್ಲಿ ಒಂದು ಮಾತ್ರೆ ಮೂತ್ರ ಹೆಚ್ಚಿಸಿ ನೀರು ಹೊರಹಾಕುವ ಜಾತಿಯದು. ಇದರ ಜೊತೆ ಅಜ್ಜಿ ಸಂಜೆ ಐದರ ನಂತರ ನೀರು ಮುಟ್ಟುವುದನ್ನೇ ಬಿಟ್ಟಿದ್ದರು, ರಾತ್ರಿ ಏಳಬೇಕಾಗುತ್ತದೆ ಅಂತ. ವಯಸ್ಸಾದ ಮೇಲೆ ಬಾಯಾರಿಕೆಯೂ ಮಂದವಾಗುತ್ತದೆ, ಮೈಗೆ ನೀರು ಬೇಕಾದಾಗ ಮನಸ್ಸಿಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಗೋಡೆ ಹಿಡಿಯುತ್ತಿದ್ದದ್ದು ಇದಕ್ಕೇ. ವೈದ್ಯರು ಮಾತ್ರೆಯ ಪ್ರಮಾಣ ಇಳಿಸಿದರು, ವಾರಕ್ಕೆರಡು ಸಲ ಮನೆಯಲ್ಲೇ ಬಿಪಿ ಬರೆದಿಡಲು ಹೇಳಿದರು.

ನನ್ನ ಲೆಕ್ಕದಲ್ಲಿ ಈ ಇಡೀ ಪ್ರಕರಣದಲ್ಲಿ ಅತಿ ಅಪಾಯದ ಜಾಗ ಇದೇ ಆಗಿತ್ತು. ಗಂಡ ಬಿದ್ದದ್ದು ಹತ್ತು ಜನರ ನಡುವೆ. ಅಜ್ಜಿ ಬಿದ್ದಿದ್ದರೆ ಬಚ್ಚಲಲ್ಲಿ, ಒಬ್ಬರೇ. ಬಿಪಿ ಮಾತ್ರೆ, ಮಾನಸಿಕ ಕಾಯಿಲೆಯ ಕೆಲವು ಮಾತ್ರೆ, ಅಲರ್ಜಿಯ ಕೆಲವು ಮಾತ್ರೆ ಸೆಕೆಯಲ್ಲಿ ಬೇರೆ ತರ ವರ್ತಿಸುತ್ತವೆ. ಕೆಲವು ಬೆವರನ್ನೇ ತಡೆಯುತ್ತವೆ. ಊರು ಬದಲಿಸುವ ಮೊದಲು ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರ ಹತ್ತಿರ ಒಂದು ಸಲ ಕೂತು ಬನ್ನಿ. ತಾವಾಗೇ ನಿಲ್ಲಿಸುವುದು, ಅರ್ಧ ಮಾಡುವುದು ಬೇಡವೇ ಬೇಡ. ಮಾತ್ರೆ ಇಡುವ ಜಾಗವೂ ನೋಡಿ. ಇವರ ಡಬ್ಬಿ ಇದ್ದದ್ದು ಪಶ್ಚಿಮದ ಕಿಟಕಿಯ ಕಟ್ಟೆ ಮೇಲೆ, ಸಂಜೆ ಬಿಸಿಲು ನೇರ ಬೀಳುವಲ್ಲಿ. ಎಷ್ಟೋ ಔಷಧಿಗಳ ಪೊಟ್ಟಣದ ಮೇಲೆ 25 ಅಥವಾ 30 ಡಿಗ್ರಿ ಕೆಳಗಿಡಿ ಅಂತ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ತಂಪು ಊರಲ್ಲಿ ಅದನ್ನು ಓದುವ ಅಗತ್ಯವೇ ಬಿದ್ದಿರಲಿಲ್ಲ.

ಹುಡುಗನದು ಹೇಳುವಷ್ಟಿಲ್ಲ. ಕುತ್ತಿಗೆ, ಬೆನ್ನ ತುಂಬ ಬೆವರುಸಾಲೆ. ಯಾರೋ ಹೇಳಿದರು ಅಂತ ಎಣ್ಣೆಯಂಥ ಮುಲಾಮು ಹಚ್ಚಿದ್ದರು, ಅದು ಬೆವರಿನ ರಂಧ್ರವನ್ನು ಇನ್ನೂ ಮುಚ್ಚಿ ಜಾಸ್ತಿ ಮಾಡಿತು. ಮುಲಾಮು ಬಿಟ್ಟು, ಸಡಿಲ ಹತ್ತಿ ಅಂಗಿ ಹಾಕಿ, ಆಟ ಮುಗಿದ ತಕ್ಷಣ ಮೈ ತೊಳೆದು ಒರೆಸಿದ ಮೇಲೆ ಇಳಿಯಿತು. "ಮಕ್ಕಳು ಬೇಗ ಒಗ್ಗಿ ಅಲ್ಲಿಯವರೇ ಆಗ್ತಾರೆ" ಅನ್ನುವುದು ಮಾತ್ರ ಪೂರ್ತಿ ನಿಜವಲ್ಲ. ಜಪಾನಿನ ಶರೀರಶಾಸ್ತ್ರಜ್ಞ ಯಾಸ್ ಕುನೋ ಕಂಡುಕೊಂಡಂತೆ ಕೆಲಸ ಮಾಡುವ ಬೆವರು ಗ್ರಂಥಿಗಳ ಸಂಖ್ಯೆ ಹುಟ್ಟಿದ ಮೊದಲ ಎರಡು ವರ್ಷದ ಆಸುಪಾಸಿನಲ್ಲೇ ಗೊತ್ತಾಗಿಬಿಡುತ್ತದೆ. ಒಂಬತ್ತರ ಹುಡುಗ ಇರುವ ಗ್ರಂಥಿಗಳನ್ನೇ ಚೆನ್ನಾಗಿ ದುಡಿಸುವುದು ಕಲಿಯುತ್ತಾನೆ, ಹೊಸದು ಬರುವುದಿಲ್ಲ. ಆದರೂ ಅವನಿಗೆ ಇದು ಅಷ್ಟು ತೊಂದರೆಯೇ ಆಗಲಿಲ್ಲ ಬಿಡಿ, ಸಂಜೆ ಆಟಕ್ಕೆ ಜನ ಸಿಕ್ಕರಲ್ಲ.

ರಾತ್ರಿ ಹತ್ತಕ್ಕೆ 33

ಹೆಂಡತಿಯ ವಿಷಯಕ್ಕೆ ಹೋಗುವ ಮೊದಲು ಮನೆಯ ಬಗ್ಗೆ ಹೇಳಬೇಕು. ಬಾಡಿಗೆ ಮನೆ, ಕೊನೆಯ ಮಹಡಿ. ಗಾಳಿ ಬರುತ್ತೆ ಅಂತ ಆರಿಸಿಕೊಂಡರು. ಮಲಗುವ ಕೋಣೆ ಪಶ್ಚಿಮಕ್ಕೆ.

ಮೊದಲ ತಿಂಗಳು ಎಲ್ಲರ ದೂರೂ ಒಂದೇ: ನಿದ್ದೆ ಇಲ್ಲ. ನಿದ್ದೆ ಬರಬೇಕಾದರೆ ಒಳಗಿನ ಉಷ್ಣಾಂಶ ಸ್ವಲ್ಪ ಇಳಿಯಬೇಕು, ಅದಕ್ಕೆ ಅಂಗೈ ಅಂಗಾಲು ಚರ್ಮದಿಂದ ಶಾಖ ಹೊರಗೆ ಹೋಗಬೇಕು. ಸುತ್ತಲಿನ ಗಾಳಿ, ಹಾಸಿಗೆ ಎಲ್ಲವೂ ಬಿಸಿಯಾಗಿದ್ದರೆ ಶಾಖ ಹೋಗುವುದು ಎಲ್ಲಿಗೆ? ಹಗಲಿನ ಸೆಕೆಯನ್ನು ಒಂದೆರಡು ವಾರದಲ್ಲಿ ಮೈ ಕಲಿಯುತ್ತದೆ, ನಿದ್ದೆ ಅಷ್ಟು ಸುಲಭಕ್ಕೆ ಕಲಿಯುವುದಿಲ್ಲ. ನಿದ್ದೆಗೆಟ್ಟ ನಾಲ್ಕು ಜನ ಒಂದೇ ಮನೆಯಲ್ಲಿದ್ದರೆ ಜಗಳ ಯಾವುದಕ್ಕೆ ಬೇಕಾದರೂ ಆಗುತ್ತದೆ. ಇವರಲ್ಲೂ ಆಯಿತು, ಫ್ಯಾನ್ ಯಾರ ಕಡೆ ತಿರುಗಬೇಕು ಅನ್ನುವುದಕ್ಕೂ.

ಉಷ್ಣಾಂಶ, ತೇವ ಎರಡೂ ತೋರಿಸುವ ಒಂದು ಸಣ್ಣ ಮಾಪಕ ತಗೊಳ್ಳಿ ಅಂದೆ. ಹೆಂಡತಿ ಒಂದು ವಾರ ಬರೆದಿಟ್ಟರು. ಒಂದು ದಿನದ್ದು ಹೀಗಿತ್ತು: ಸಂಜೆ ನಾಲ್ಕಕ್ಕೆ ಹೊರಗೆ 34, ಕೋಣೆ 32. ರಾತ್ರಿ ಹತ್ತಕ್ಕೆ ಹೊರಗೆ 29, ಕೋಣೆ 33. ಅಂದರೆ ಮಲಗುವ ಹೊತ್ತಿಗೆ ಕೋಣೆ ಬೀದಿಗಿಂತ ನಾಲ್ಕು ಡಿಗ್ರಿ ಜಾಸ್ತಿ. ತಲೆಯ ಮೇಲಿನ ಕಾಂಕ್ರೀಟ್ ತಾರಸಿ ಹಗಲೆಲ್ಲ ಶಾಖ ಕುಡಿದು ಕತ್ತಲಾದ ಮೇಲೆ ಕೆಳಗೆ ಬಿಡುತ್ತಿತ್ತು, ಪ್ಲಗ್ ತೆಗೆದ ಮೇಲೂ ಸುಡುವ ಇಸ್ತ್ರಿಪೆಟ್ಟಿಗೆಯ ಹಾಗೆ. ಇದರ ಮೇಲೆ ಇವರು ಮಾಡುತ್ತಿದ್ದದ್ದು ಪೂರ್ತಿ ಉಲ್ಟಾ: ಹಗಲು ಗಾಳಿ ಬರಲಿ ಅಂತ ಕಿಟಕಿ ತೆಗೆದು 34ರ ಗಾಳಿ ಒಳಗೆ ತುಂಬುವುದು, ಸಂಜೆ ಸೊಳ್ಳೆ ಅಂತ ಎಲ್ಲ ಮುಚ್ಚಿ ಅದನ್ನು ಒಳಗೇ ಕೂಡಿಡುವುದು.

ಸೊಳ್ಳೆ ಬಲೆ ಹಾಕಿಸಿ ರಾತ್ರಿ ಎದುರುಬದುರು ಕಿಟಕಿ ತೆರೆದರು, ಬೆಳಿಗ್ಗೆ ಹೊರಗಿನ ಅಂಕಿ ಒಳಗಿನದನ್ನು ದಾಟುವ ಹೊತ್ತಿಗೆ ಮುಚ್ಚತೊಡಗಿದರು. ಪಶ್ಚಿಮದ ಕಿಟಕಿಗೆ ಒಳಗೆ ದಪ್ಪ ಪರದೆ ಇತ್ತು. ಪರದೆಗೆ ಬಿಸಿಲು ಬೀಳುವ ಹೊತ್ತಿಗೆ ಅದು ಗಾಜು ದಾಟಿ ಒಳಗೆ ಬಂದೇ ಆಗಿರುತ್ತದೆ. ಹೊರಗಡೆ ಬಿದಿರಿನ ತಟ್ಟಿ ಕಟ್ಟಿಸಿದರು, ವ್ಯತ್ಯಾಸ ಮೊದಲ ದಿನವೇ ಗೊತ್ತಾಯಿತು. ಮನೆ ಮಾಲೀಕರನ್ನು ಒಪ್ಪಿಸಿ ತಾರಸಿಗೆ ಬಿಳಿ ಬಣ್ಣ ಬಳಿಸಲು ಮಾತ್ರ ಎರಡು ತಿಂಗಳು ಹಿಡಿಯಿತು. ಅದಾದ ಮೇಲೆ ರಾತ್ರಿ ಹತ್ತರ ಅಂಕಿ 31ಕ್ಕೆ ಬಂತು. ದಪ್ಪ ಫೋಮ್ ಹಾಸಿಗೆಯ ಮೇಲೆ ಚಾಪೆ ಹಾಸಿದರು, ಮಲಗುವ ಮುಂಚೆ ಉಗುರುಬೆಚ್ಚಗಿಂತ ಸ್ವಲ್ಪ ತಣ್ಣನೆಯ ನೀರಲ್ಲಿ ಸ್ನಾನ. ಈ ಸ್ನಾನಕ್ಕೆ ಐಸ್ ತಣ್ಣೀರು ಬೇಡ, ಅದಕ್ಕೆ ಚರ್ಮದ ನಾಳ ಕುಗ್ಗುತ್ತದೆ (ಹೀಟ್ ಸ್ಟ್ರೋಕಿನ ಮಾತು ಬೇರೆ, ಅಲ್ಲಿ ಐಸ್ ಬೇಕು).

ಹೆಂಡತಿ: ಎಸಿಯೊಳಗೆ ಮೂರು ತಿಂಗಳು

ಹೆಂಡತಿಯ ಕೆಲಸದ ಕೋಣೆಗೆ ಮೊದಲ ವಾರವೇ ಎಸಿ ಬಂತು. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಬಾಗಿಲು ಹಾಕಿಕೊಂಡು 20 ಡಿಗ್ರಿಯಲ್ಲಿ. ಹೊರಗಿನ ಕೆಲಸ ಎಲ್ಲ ಗಂಡ ಅಥವಾ ಫೋನ್ ಆರ್ಡರ್. ಯಾರನ್ನೂ ದೂರುವ ಹಾಗಿಲ್ಲ, ಕೆಲಸ ಮಾಡಲೇಬೇಕಲ್ಲ. ಆದರೆ ಮೂರನೇ ತಿಂಗಳಲ್ಲೂ ಕೆಳಗಿಳಿದು ಬೀದಿ ಕೊನೆಯ ಅಂಗಡಿಗೆ ಹೋಗಿ ಬಂದರೆ ಎದೆ ಡವಡವ, ಅರ್ಧ ಗಂಟೆ ಮಲಗಬೇಕು. ಅಡುಗೆಮನೆಗೆ ಬಂದರೆ ತಲೆನೋವು. "ನನ್ನ ಮೈಯೇ ಇದಕ್ಕೆ ಆಗಲ್ಲ, ಇವರೆಲ್ಲ ಒಗ್ಗಿದ್ರು, ನಾನೊಬ್ಬಳೇ ಹೀಗೆ" ಅಂತ ಅವರು ತೀರ್ಮಾನಕ್ಕೇ ಬಂದುಬಿಟ್ಟಿದ್ದರು. ಥೈರಾಯ್ಡ್, ರಕ್ತಹೀನತೆ ಎರಡನ್ನೂ ಪರೀಕ್ಷೆ ಮಾಡಿಸಿದರು. ಏನೂ ಇರಲಿಲ್ಲ.

ಮೈಯಲ್ಲಿ ದೋಷ ಇರಲಿಲ್ಲ, ಮೈಗೆ ಪಾಠವೇ ಆಗಿರಲಿಲ್ಲ. ಒಗ್ಗಬೇಕಾದರೆ ದಿನಕ್ಕೆ ಒಂದರಿಂದ ಎರಡು ಗಂಟೆ ಸೆಕೆಯಲ್ಲಿ ಇರಬೇಕು, ಸುಮ್ನೆ ಕೂತಲ್ಲ, ಸ್ವಲ್ಪ ಮೈಯಾಡಿಸುತ್ತಾ, ಬೆವರು ಬರುವ ಮಟ್ಟಿಗೆ. ಅದು ದಿನ ಬಿಡದೆ ಎರಡು ವಾರ ನಡೆಯಬೇಕು. ಮೂರು ತಿಂಗಳಲ್ಲಿ ಅವರ ಮೈಗೆ ಅಂಥ ಒಂದು ವಾರವೂ ಸಿಕ್ಕಿರಲಿಲ್ಲ. ಕ್ಯಾಲೆಂಡರ್ ಪ್ರಕಾರ ಮೂರು ತಿಂಗಳು, ಮೈ ಲೆಕ್ಕದಲ್ಲಿ ಇನ್ನೂ ಮೊದಲ ವಾರ.

ಎಸಿ ತೆಗೆದುಹಾಕಿ ಅಂತ ನಾನು ಹೇಳಲಿಲ್ಲ, ಹೇಳುವುದೂ ಇಲ್ಲ. ಎಸಿ ಇಲ್ಲದೆ ಗಟ್ಟಿಯಾಗಬೇಕು ಅನ್ನುವ ಹಟ ಕೆಲವರಿಗಿರುತ್ತದೆ, ಅಜ್ಜಿ ಇರುವ ಮನೆಯಲ್ಲಂತೂ ಅದು ಮೂರ್ಖತನ. ತಂಪಲ್ಲಿ ಮಲಗಿದರೆ, ನಡುನಡುವೆ ತಂಪಲ್ಲಿ ಸುಧಾರಿಸಿಕೊಂಡರೆ ಒಗ್ಗುವುದು ಕೆಡುವುದಿಲ್ಲ. ಕೆಡುವುದು ಸೆಕೆಯೇ ತಾಗದಿದ್ದರೆ. ಹಾಗಾಗಿ ಎರಡು ಬದಲಾವಣೆ ಮಾಡಿದೆವು. ಎಸಿ 20ರಿಂದ 27ಕ್ಕೆ, ಜೊತೆಗೆ ಫ್ಯಾನ್. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ: 27ಕ್ಕೆ ಇಟ್ಟು ಫ್ಯಾನ್ ಹಾಕಿದರೆ ಇನ್ನೂ ನಾಲ್ಕು ಡಿಗ್ರಿ ತಂಪಾದ ಹಾಗೆ ಅನ್ನಿಸುತ್ತದೆ, ಕರೆಂಟೂ ಬಹಳ ಉಳಿಯುತ್ತದೆ. (ಫ್ಯಾನಿಗೂ ಮಿತಿ ಇದೆ, ಗಾಳಿ 40 ಡಿಗ್ರಿ ದಾಟಿದರೆ ಅದು ತಂಪು ಮಾಡುವುದಿಲ್ಲ, ಬಿಸಿ ಮಾಡುತ್ತದೆ.) ಒಂದೇ ದಿನಕ್ಕೆ 27ಕ್ಕೆ ಹಾರಲಿಲ್ಲ, ಎರಡು ಮೂರು ದಿನಕ್ಕೊಂದು ಡಿಗ್ರಿಯಂತೆ ಏರಿಸಿದರು.

ಎರಡನೆಯದು ನಡಿಗೆ. ಮೊದಲು ಬೆಳಿಗ್ಗೆ ಆರೂವರೆಗೆ ಇಪ್ಪತ್ತು ನಿಮಿಷ. ಆಮೇಲೆ ನಲವತ್ತು. ಎರಡನೇ ವಾರದಿಂದ ಸಂಜೆ ಐದಕ್ಕೆ ಇನ್ನೊಂದು ಸುತ್ತು, ಹುಡುಗನ ಮೈದಾನದ ಕಡೆ. ಮಧ್ಯಾಹ್ನದ ಬಿಸಿಲಿಗೆ ಹೋಗಲೇ ಇಲ್ಲ, ಹೋಗುವ ಅಗತ್ಯವೂ ಇಲ್ಲ. ನಡಿಗೆ ಮುಗಿದ ತಕ್ಷಣ ನಾಡಿ ಎಣಿಸಿ ಬರೆದಿಡಲು ಹೇಳಿದ್ದೆ. ಅದೇ ದಾರಿ, ಅದೇ ವೇಗ. ಮೊದಲ ದಿನ 132 ಇದ್ದದ್ದು ಮೂರು ವಾರದ ನಂತರ 112. ಅವರಿಗೆ ನಂಬಿಕೆ ಬಂದದ್ದು ಆ ಅಂಕಿ ನೋಡಿ.

ಮನಸ್ಸಿನ ಕಡೆಯೂ ಒಂದು ಪಾಲು ಇದೆ. ಡಿ ಡಿಯರ್ ಮತ್ತು ಬ್ರೇಗರ್ ಎಂಬ ಇಬ್ಬರು ಸಂಶೋಧಕರು ಜಗತ್ತಿನ ಬೇರೆ ಬೇರೆ ಕಡೆಯ 160 ಕಟ್ಟಡಗಳಿಂದ ಬಂದ ಸುಮಾರು 21,000 ಉತ್ತರಗಳನ್ನು ಜೋಡಿಸಿ 1998ರಲ್ಲಿ ಪ್ರಕಟಿಸಿದರು. ಕಿಟಕಿ ತೆರೆದು ಬದುಕುವವರಿಗೆ ಹಿತವೆನಿಸುವ ಉಷ್ಣಾಂಶ ಹೊರಗಿನ ಹವೆಯ ಜೊತೆ ಮೇಲೇರುತ್ತಾ ಹೋಗುತ್ತದೆ, ಪೂರ್ತಿ ಎಸಿ ಕಟ್ಟಡದಲ್ಲಿರುವವರಿಗೆ ಅಷ್ಟು ಏರುವುದಿಲ್ಲ. ಇದೇ ಮನೆಯಲ್ಲಿ ನೋಡಿ: 29 ಡಿಗ್ರಿಯ ವರಾಂಡಾದಲ್ಲಿ ಗಂಡ "ಇವತ್ತು ಪರವಾಗಿಲ್ಲ" ಅಂತ ಪೇಪರ್ ಓದುವಾಗ, 20ರ ಕೋಣೆಯಿಂದ ಹೊರಬಂದ ಹೆಂಡತಿಗೆ ಅದೇ 29 ಬೆಂಕಿ.

ರಜೆ, ಮತ್ತು ಆಮೇಲೆ

ಏಳನೇ ತಿಂಗಳಲ್ಲಿ ಎಲ್ಲರೂ ಹಳೆಯ ಊರಿಗೆ ಹೋಗಿ ಮೂರು ವಾರ ಇದ್ದು ಬಂದರು. ಅಜ್ಜಿಗೆ ಹೋಗುವ ಮೊದಲೇ ವೈದ್ಯರು ಬಿಪಿ ದಿನಾ ನೋಡಿ ಅಂದಿದ್ದರು. ಅಲ್ಲಿ ಏರಿತು, ಅಲ್ಲಿಂದಲೇ ಫೋನ್ ಮಾಡಿ ಮಾತ್ರೆ ಹೊಂದಿಸಿಕೊಂಡರು. ವಾಪಸ್ ಬಂದು ಗಂಡ ಮೊದಲ ದಿನವೇ ಮತ್ತೆ ಪೂರ್ತಿ ಹೊತ್ತು ಹೊರಗೆ ನಿಲ್ಲಲು ಹೊರಟರು. "ಈಗ ಒಗ್ಗಿದೆಯಲ್ಲ." ಒಗ್ಗಿದ್ದು ಬ್ಯಾಂಕಲ್ಲಿ ಉಳಿಯುವುದಿಲ್ಲ. ಸೆಕೆಯಿಂದ ಒಂದು ವಾರ ದೂರ ಇದ್ದರೆ ಸವೆಯಲು ಶುರು, ತಿಂಗಳು ಕಳೆದರೆ ಹೆಚ್ಚುಕಡಿಮೆ ಹೋದ ಹಾಗೆ. ಮತ್ತೆ ಬರುವುದು ಮಾತ್ರ ಮೊದಲಿಗಿಂತ ಬೇಗ. ಅಭ್ಯಾಸ ಇದ್ದು ಬಿಟ್ಟು ಬಂದವರಿಗೆ ನಿಯಾಶ್ ಬೇರೆ ಲೆಕ್ಕ ಕೊಡುತ್ತದೆ: ಮೊದಲ ದಿನ 50 ಶೇಕಡ, ಆಮೇಲೆ 60, 80, ನಾಲ್ಕನೇ ದಿನ ಪೂರ್ತಿ. ಅವರು ಗೊಣಗುತ್ತಲೇ ಹಾಗೆ ಮಾಡಿದರು. ಈ ಸಲ ಹೆಲ್ಮೆಟ್ ಬೀಳಲಿಲ್ಲ. ಹೆಂಡತಿ ಬಂದ ಮರುದಿನವೇ ಬೆಳಗಿನ ನಡಿಗೆ ಇಪ್ಪತ್ತು ನಿಮಿಷದಿಂದ ಮತ್ತೆ ಶುರು ಮಾಡಿದರು, ಯಾರೂ ಹೇಳದೆ.

ಬಗೆಹರಿಯದೆ ಉಳಿದದ್ದು ಮನೆ. ಬಿಳಿ ಬಣ್ಣ, ತಟ್ಟಿ, ಬಲೆ ಎಲ್ಲ ಆದರೂ ಕೊನೆಯ ಮಹಡಿ ಕೊನೆಯ ಮಹಡಿಯೇ, ರಾತ್ರಿ ಎಸಿ ಇಲ್ಲದೆ ಆಗುವುದಿಲ್ಲ. ಚರ್ಮದ ಚೀಲ, ಶೂಗಳಿಗೆ ಬೂಷ್ಟು ಹಿಡಿಯುವುದೂ ನಿಂತಿಲ್ಲ. ಬಾಡಿಗೆ ಕರಾರು ಮುಗಿಯುತ್ತಿದೆ, ನಡುಮಹಡಿಯಲ್ಲಿ, ಪಶ್ಚಿಮಕ್ಕೆ ಗೋಡೆ ಕಡಿಮೆ ಇರುವ ಮನೆ ಹುಡುಕುತ್ತಿದ್ದಾರೆ. ಬ್ರೋಕರ್ ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ ಅನ್ನುತ್ತಾನೆ, ಆ ಹೊತ್ತಿಗೆ ಎಲ್ಲ ಮನೆಯೂ ತಂಪೇ. ಹೆಂಡತಿ ರಾತ್ರಿ ಒಂಬತ್ತರ ಮೇಲೆ ಮಾತ್ರ ಮನೆ ನೋಡಲು ಹೋಗುತ್ತಾರೆ, ಚೀಲದಲ್ಲಿ ಮಾಪಕ ಇಟ್ಟುಕೊಂಡು. ಮಲಗುವ ಕೋಣೆಯಲ್ಲಿ ಹತ್ತು ನಿಮಿಷ ಇಟ್ಟು, ಹೊರಗಿನದಕ್ಕಿಂತ ಎರಡು ಡಿಗ್ರಿ ಜಾಸ್ತಿ ಕಂಡರೆ ಬಾಡಿಗೆಯ ಮಾತನ್ನೇ ಎತ್ತುವುದಿಲ್ಲ. ಬ್ರೋಕರ್‌ಗೆ ಸಿಟ್ಟು ಬಂದಿದೆ. ಬರಲಿ ಬಿಡಿ, ಅಲ್ಲಿ ಮಲಗುವವರು ಇವರು.